ನಿಕ್ ಅಜೀಜ್ ಬಗ್ಗೆ ನೀವು ಕಳಿಸಿದ ಲೇಖನ: ಈಗಲೇ ಯಾಕೆ ಹಾಕುತ್ತಿಲ್ಲ

ಪ್ರಿಯ ಲೇಖಕರೇ,

ಮಲೇಷ್ಯಾದ ಕೆಲಂತಾನ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ನಿಕ್ ಅಬ್ದುಲ್ ಅಜೀಜ್ ನಿಕ್ ಮತ್ ಅವರ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಿ ಎಂದು ಹೇಳುತ್ತಿಲ್ಲ. ಕನ್ನಡದಲ್ಲಿ ಇವರ ಬಗ್ಗೆ ಬರೆಯುವವರೇ ಕಡಿಮೆ. ನಿಮಗೆ ಅವರ ಮೇಲೆ ಪ್ರೀತಿ ಇದೆ, ಅದು ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ. ಆ ಪ್ರೀತಿ ಜಾಸ್ತಿಯಾಗಿ ಮನುಷ್ಯನೇ ಕಾಣಿಸುತ್ತಿಲ್ಲ.

ಮೊದಲ ಮೂರು ಪುಟ ತೆಗೆದುಬಿಡಿ. 1931ರಲ್ಲಿ ಹುಟ್ಟಿದ್ದು, ಉತ್ತರ ಪ್ರದೇಶದ ದೇವಬಂದ್ ಮದರಸಾದಲ್ಲಿ ಓದಿದ್ದು, ಕೈರೋದ ಅಲ್ ಅಜರ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದು, 1967ರಲ್ಲಿ ಪಾಸ್ ಪಕ್ಷದಿಂದ ಉಪಚುನಾವಣೆ ಗೆದ್ದು ಸಂಸತ್ತಿಗೆ ಹೋಗಿದ್ದು, ಎಲ್ಲ ಸರಿಯೇ. ಆದರೆ ಅದು ಬಯೋಡೇಟಾ. ಒಂದು ಪ್ಯಾರಾ ಸಾಕು. ಅದರ ಬದಲು ಓದುಗರಿಗೆ ಬೇಕಾದ್ದು ಹೇಳಿ. ಪಾಸ್ ಅಂದರೆ ಮಲಯ ಮುಸ್ಲಿಮರ ನಡುವೆ ಬೆಳೆದ ಇಸ್ಲಾಮಿಕ್ ಪಕ್ಷ, ದಶಕಗಳ ಕಾಲ ದೇಶ ಆಳಿದ ಅಮ್ನೋ ಪಕ್ಷದ ಎದುರಾಳಿ. ಕೆಲಂತಾನ್ ಅಂದರೆ ಥಾಯ್ಲೆಂಡ್ ಗಡಿಗೆ ಅಂಟಿಕೊಂಡಿರುವ ಬಡ ರಾಜ್ಯ. ದೇವಬಂದ್ ಭಾಗವನ್ನು ಮಾತ್ರ ಸ್ವಲ್ಪ ಬೆಳೆಸಿ. 1950ರ ದಶಕದಲ್ಲಿ ಅವರು ಅಲ್ಲಿದ್ದಾಗ ಹುಸೇನ್ ಅಹ್ಮದ್ ಮದನಿ ಪಾಠ ಹೇಳುತ್ತಿದ್ದರು. ದೇಶ ವಿಭಜನೆಯನ್ನು ಬಲವಾಗಿ ವಿರೋಧಿಸಿದ್ದ ವಿದ್ವಾಂಸರು ಅವರು. ನಮ್ಮ ಓದುಗರಿಗೆ ಇದು ಹತ್ತಿರದ ಸಂಗತಿ, ಅಲ್ವಾ?

ಇನ್ನು ದೀಪದ ಕಥೆ. ಯಾರಾದರೂ ಸ್ವಂತ ವಿಷಯ ಮಾತಾಡಲು ಕಚೇರಿಗೆ ಬಂದರೆ, ಸರ್ಕಾರದ ಕರೆಂಟು ಪೋಲಾಗಬಾರದು ಅಂತ ಅವರು ಲೈಟ್ ಆರಿಸುತ್ತಿದ್ದರು ಎಂದು ಬರೆದಿದ್ದೀರಿ. ಅವರ ಅಭಿಮಾನಿಗಳು ಇದನ್ನು ಹೇಳುತ್ತಾರೆ, ನಿಜ. ಆದರೆ ಇದೇ ಕಥೆಯನ್ನು 8ನೇ ಶತಮಾನದ ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್ ಬಗ್ಗೆ ಶತಮಾನಗಳಿಂದ ಹೇಳಿಕೊಂಡು ಬಂದಿದ್ದಾರೆ. ಹಾಗಾಗಿ ಕಣ್ಣಾರೆ ಕಂಡ ಘಟನೆಯಂತೆ ಇದನ್ನು ಬರೆಯಬೇಡಿ. ಜನ ತಮ್ಮ ಮುಖ್ಯಮಂತ್ರಿಯನ್ನು ಯಾರ ಸಾಲಿನಲ್ಲಿ ನಿಲ್ಲಿಸಿ ನೋಡಿದರು ಎಂಬುದಕ್ಕೆ ಸಾಕ್ಷಿಯಾಗಿ ಬಳಸಿ. ಆಗ ಕಥೆಯ ತೂಕ ಇನ್ನೂ ಹೆಚ್ಚುತ್ತದೆ.

ಅವರು ಸರಳವಾಗಿ ಬದುಕಿದರು ಅನ್ನುವುದಕ್ಕೆ ದಂತಕಥೆಯೇ ಬೇಕಾಗಿಲ್ಲ. 1990ರಿಂದ 2013ರವರೆಗೆ, 23 ವರ್ಷ ಮುಖ್ಯಮಂತ್ರಿಯಾಗಿದ್ದರೂ ಪುಲಾವ್ ಮೆಲಾಕಾ ಹಳ್ಳಿಯ ಮರದ ಮನೆಯಲ್ಲೇ ಇದ್ದರು. ಶುಕ್ರವಾರ ಕೆಲಂತಾನ್‌ಗೆ ವಾರದ ರಜೆ. ಅಂದು ಬೆಳಿಗ್ಗೆ ರಾಜಧಾನಿ ಕೋಟಾ ಬಾರುವಿನ ಬೀದಿಯಲ್ಲಿ ಅವರ ಪ್ರವಚನ. ಜನ ರಸ್ತೆಯ ಮೇಲೇ ಕುಳಿತು ಕೇಳುತ್ತಿದ್ದರು. ಕುರಾನ್ ವಿವರಣೆ ಮತ್ತು ರಾಜಕೀಯ ಎರಡೂ ಒಂದೇ ಬಾಯಲ್ಲಿ, ಊರಿನ ಆಡುಮಾತಿನಲ್ಲಿ. ಜನರಿಗೆ ಅವರು ‘ತೋಕ್ ಗುರು’, ಅಂದರೆ ಹಿರಿಯ ಧರ್ಮಗುರು. ಈ ಬೀದಿಗೆ ನೀವು ಕೊಟ್ಟಿದ್ದು ಒಂದೇ ವಾಕ್ಯ. ಅರ್ಧ ಪುಟ ಕೊಡಿ.

ಈಗ ನನಗೆ ನಿಜವಾಗಿ ಬೇಸರ ತರಿಸಿದ ವಿಷಯಕ್ಕೆ ಬರುತ್ತೇನೆ. ಇಷ್ಟುದ್ದದ ಲೇಖನದಲ್ಲಿ ಅವರ ಸರ್ಕಾರ ಏನೇನು ನಿಷೇಧಿಸಿತು ಎಂಬುದರ ಸುಳಿವೇ ಇಲ್ಲ. ಅಧಿಕಾರಕ್ಕೆ ಬಂದ ಸ್ವಲ್ಪ ಕಾಲದಲ್ಲೇ ಮಾಕ್ ಯೋಂಗ್ ಎಂಬ ಹಳೆಯ ನೃತ್ಯನಾಟಕ ಮತ್ತು ವಯಾಂಗ್ ಕುಲಿತ್ ಎಂಬ ತೊಗಲು ಗೊಂಬೆಯಾಟಕ್ಕೆ ತಡೆ ಬಿತ್ತು. ಮಾಕ್ ಯೋಂಗ್‌ನಲ್ಲಿ ರಾಜನ ಪಾತ್ರ ಮಾಡುವವಳೂ ಹೆಂಗಸು. ಶುರುವಿಗೆ ಆಕೆ ರೆಬಾಬ್ ಎಂಬ ತಂತಿವಾದ್ಯದ ಎದುರು ನೆಲದ ಮೇಲೆ ಕುಳಿತು ಕೈಗಳನ್ನಷ್ಟೇ ನಿಧಾನವಾಗಿ ಆಡಿಸುತ್ತಾಳೆ. ಇಸ್ಲಾಮಿಗಿಂತ ಹಳೆಯ ನಂಬಿಕೆಗಳು ಇದರಲ್ಲಿವೆ, ಹೆಂಗಸರು ಗಂಡಸರ ಮುಂದೆ ಕುಣಿಯುತ್ತಾರೆ ಎಂಬುದು ಆಕ್ಷೇಪ. 2005ರಲ್ಲಿ ಯುನೆಸ್ಕೋ ಇದೇ ಕಲೆಯನ್ನು ಮನುಕುಲದ ಪರಂಪರೆ ಎಂದು ಗೌರವಿಸಿದಾಗ ಅದರ ತವರಲ್ಲೇ ಬಹಿರಂಗ ಪ್ರದರ್ಶನಕ್ಕೆ ಅವಕಾಶವಿರಲಿಲ್ಲ. ಇನ್ನು ಕೆಲಂತಾನಿನ ಗೊಂಬೆಯಾಟದಲ್ಲಿ ಮುಖ್ಯವಾಗಿ ಆಡುವುದು ರಾಮನ ಕಥೆ. ಮುಸ್ಲಿಂ ಕಲಾವಿದರು ತಲೆಮಾರುಗಳಿಂದ ಆಡಿಸಿಕೊಂಡು ಬಂದಿದ್ದು. ನಮ್ಮ ತೊಗಲು ಗೊಂಬೆಯಾಟ ನೋಡಿದ ಓದುಗರಿಗೆ ಇದನ್ನು ಹೇಳದೆ ಹೇಗೆ ಬಿಟ್ಟಿರಿ?

1993ರ ಹುದೂದ್, ಅಂದರೆ ಇಸ್ಲಾಮಿಕ್ ದಂಡನೆಯ ಕಾನೂನನ್ನೂ ಬಿಟ್ಟಿದ್ದೀರಿ. ಕಳ್ಳತನಕ್ಕೆ ಕೈ ಕತ್ತರಿಸುವಂಥ ಶಿಕ್ಷೆಗಳಿದ್ದ ಮಸೂದೆ ರಾಜ್ಯದ ಶಾಸನಸಭೆಯಲ್ಲಿ ಪಾಸಾಯಿತು. ಅಪರಾಧ ಕಾನೂನು ಕೇಂದ್ರದ ಕೈಯಲ್ಲಿರುವುದರಿಂದ ಜಾರಿಯಾಗಲಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬಿಲ್ ಸಾಲು ಬಂದಿದ್ದೂ ಅವರ ಕಾಲದಲ್ಲೇ. ಇದನ್ನೆಲ್ಲ ಬರೆದರೆ ಅವರಿಗೆ ಕೆಟ್ಟ ಹೆಸರು ಬರುತ್ತದೆ ಅಂತ ನಿಮಗೆ ಅನ್ನಿಸಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಮರದ ಮನೆಯಲ್ಲಿ ಉಳಿಯಲು ಹೇಳಿದ ನಂಬಿಕೆಯೇ ಮಾಕ್ ಯೋಂಗ್ ನಿಲ್ಲಿಸಲೂ ಹೇಳಿತು. ಅಧಿಕಾರ ದೇವರು ಕೊಟ್ಟ ಹೊಣೆ, ಅದಕ್ಕೆ ಲೆಕ್ಕ ಕೊಡಬೇಕು ಎಂದು ನಂಬಿದ ಮನುಷ್ಯ ಸರ್ಕಾರದ ಬಂಗಲೆಯನ್ನೂ ಬೇಡ ಅನ್ನುತ್ತಾನೆ, ಊರಿನ ಆಟವನ್ನೂ ಬೇಡ ಅನ್ನುತ್ತಾನೆ. ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಟ್ಟರೆ ಅವರನ್ನೇ ಅರ್ಧ ಮಾಡಿದ ಹಾಗೆ. ನಿಮ್ಮ ಲೇಖನ ಈ ಗಂಟಿನ ಸುತ್ತಲೇ ನಿಲ್ಲಬೇಕು.

ಚುನಾವಣೆಗಳ ಪಟ್ಟಿ ಕಡಿಮೆ ಮಾಡಿ. 1990ರಲ್ಲಿ ಮಿತ್ರಪಕ್ಷಗಳ ಜೊತೆ ಸೇರಿ 39ಕ್ಕೆ 39 ಸ್ಥಾನ ಗೆದ್ದಿದ್ದು, 2004ರಲ್ಲಿ 45ರಲ್ಲಿ 24 ಮಾತ್ರ ಉಳಿದು ಸರ್ಕಾರ ಕೂದಲೆಳೆಯಲ್ಲಿ ಪಾರಾಗಿದ್ದು, 2008ರಲ್ಲಿ ಚೀನೀ ಮತದಾರರ ಬೆಂಬಲ ಹೆಚ್ಚಿರುವ ಡಿಎಪಿ ಪಕ್ಷದ ಜೊತೆ ಮೈತ್ರಿ ಮಾಡಿಕೊಂಡಿದ್ದು, ಈ ಮೂರು ಸಾಕು. 2001ರಲ್ಲಿ ಅವರ ಒಬ್ಬ ಮಗನನ್ನು ಆಂತರಿಕ ಭದ್ರತಾ ಕಾಯ್ದೆಯಡಿ ವಿಚಾರಣೆಯೇ ಇಲ್ಲದೆ ಬಂಧನದಲ್ಲಿಟ್ಟ ವಿಷಯ ಅಡಿಟಿಪ್ಪಣಿಯಲ್ಲಿದೆ. ಅದನ್ನು ಮೇಲೆ ತನ್ನಿ.

ಕೊನೆಯ ಪುಟದಲ್ಲಿ 2015ರ ಅಂತ್ಯಸಂಸ್ಕಾರದ ಕಣ್ಣೀರು ಬೇಕಾದಷ್ಟಿದೆ. ಅದಾದ ಮೇಲೆ ಆಗಿದ್ದು ಮಾತ್ರ ಇಲ್ಲ. ಕೆಲವೇ ತಿಂಗಳಲ್ಲಿ ಡಿಎಪಿ ಜೊತೆಗಿನ ಸಂಬಂಧ ಮುರಿಯಿತು, ಪಾಸ್ ಒಡೆದು ಅಮಾನಾ ಎಂಬ ಹೊಸ ಪಕ್ಷ ಹುಟ್ಟಿತು. 2018ರಲ್ಲಿ ಒಬ್ಬ ಮಗ ಪಾಸ್‌ನಿಂದ ಸಂಸತ್ತಿಗೆ ನಿಂತರೆ, ಇನ್ನೊಬ್ಬ ಎದುರು ಮೈತ್ರಿಕೂಟದಿಂದ ಅಪ್ಪ ಪ್ರತಿನಿಧಿಸಿದ್ದ ಚೆಂಪಾಕಾದಲ್ಲೇ ರಾಜ್ಯದ ಸ್ಥಾನಕ್ಕೆ ನಿಂತು ಸೋತರು. ಇಬ್ಬರೂ ಅಪ್ಪನ ದಾರಿ ತಮ್ಮದೇ ಅಂದುಕೊಂಡವರು. ಇದಕ್ಕಿಂತ ಒಳ್ಳೆಯ ಕೊನೆಯ ಪುಟ ನಿಮಗೆ ಸಿಗುವುದಿಲ್ಲ.

ಹೊಸ ಪ್ರತಿ ಈಗಿನದರ ಅರ್ಧದಷ್ಟಿದ್ದರೆ ಸಾಕು. ಮಲಯ ಹೆಸರುಗಳನ್ನು ಎಲ್ಲ ಕಡೆ ಒಂದೇ ರೀತಿ ಬರೆಯಿರಿ. ಕಲಾವಿದರ ಭಾಗವನ್ನು ಮೊದಲು ಬರೆದು ಅದನ್ನಷ್ಟೇ ಕಳಿಸಿದರೂ ಆಯಿತು, ಓದಿ ಹೇಳುತ್ತೇನೆ.

ನಿಮ್ಮ,
ಸಂಪಾದಕ