ವಾಪಸ್ ಬಂದ ಕಥೆಗಳ ಬಗ್ಗೆಯೂ ಎಲ್ಲರೆದುರು ಹೇಳಿಕೊಳ್ಳಬೇಕಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಹಾರರ್, ಪತ್ತೇದಾರಿ ಕಥೆ ಬರೆಯುತ್ತೀರಿ. ಎರಡು ವರ್ಷದಲ್ಲಿ 3 ಕಥೆ ಪ್ರಕಟವಾಗಿವೆ, 11 ವಾಪಸ್ ಬಂದಿವೆ ಅಥವಾ ಸುದ್ದಿಯೇ ಇಲ್ಲ. ಪ್ರಕಟವಾದದ್ದನ್ನು ಮಾತ್ರ ಫೇಸ್‌ಬುಕ್‌ಗೆ ಹಾಕುತ್ತೀರಿ. ಉಳಿದದ್ದನ್ನೂ, ಬೈದು ಬರೆದ ವಿಮರ್ಶೆಯನ್ನೂ ಹಾಕಬೇಕಾ, ಹಾಕಿದರೆ ಸಂಪಾದಕರು ನಮ್ಮನ್ನು ಹಗುರವಾಗಿ ಕಾಣುವುದಿಲ್ವಾ ಅಂತ ಕೇಳಿದ್ದೀರಿ.

ಹಾಕಿ. ಆದರೆ ಬಂದ ದಿನವೇ ಬೇಡ, ಎಲ್ಲವೂ ಬೇಡ. ನಾನು ಪತ್ತೇದಾರಿ ಮತ್ತು ವೈಜ್ಞಾನಿಕ ಕಥೆ ಬರೆಯುತ್ತೇನೆ. ಆರು ವರ್ಷದಿಂದ ಪ್ರತಿ ಡಿಸೆಂಬರಿನಲ್ಲಿ ಎಷ್ಟು ಕಥೆ ಕಳಿಸಿದೆ, ಎಷ್ಟು ವಾಪಸ್ ಬಂತು ಅಂತ ವರ್ಷದ ಲೆಕ್ಕ ಪೂರ್ತಿ ಹಾಕುತ್ತಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ನಮ್ಮಪ್ಪನಿಂದ ಶುರು ಮಾಡಬೇಕು.

ಅಪ್ಪ ನಮ್ಮೂರಿನ ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಇ.ಡಿ. (ಇಲಾಖೇತರ) ಪೋಸ್ಟ್‌ಮ್ಯಾನ್ ಆಗಿದ್ದರು. ನಾನು ಕಥೆ ಕಳಿಸಲು ಶುರು ಮಾಡಿದ್ದು 1998ರಲ್ಲಿ, ಪಿಯುಸಿ ಓದುವಾಗ. ಆಗ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಜೊತೆಗೆ ನಮ್ಮದೇ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಇನ್ನೊಂದು ಕವರ್ ಇಡಬೇಕಿತ್ತು. ಕಥೆ ಬೇಡವಾದರೆ ಅದೇ ಕವರಿನಲ್ಲಿ ವಾಪಸ್ ಬರುತ್ತಿತ್ತು, ಒಳಗೆ ವಿಷಾದ ತಿಳಿಸುವ ಅಂಗೈಯಗಲದ ಒಂದು ಅಚ್ಚಾದ ಚೀಟಿ. ಹಾಗಾಗಿ ಮನೆಗೆ ಬರುವ ಕೆಟ್ಟ ಸುದ್ದಿಯ ಮೇಲೆ ನನ್ನದೇ ಅಕ್ಷರ ಇರುತ್ತಿತ್ತು. ಅಪ್ಪ ಬೆಳಿಗ್ಗೆ ಚೀಲ ಸುರಿದು ಟಪಾಲು ಬೇರೆ ಮಾಡುವಾಗಲೇ ಅವರಿಗೆ ಗೊತ್ತಾಗಿಬಿಡುತ್ತಿತ್ತು. ದಪ್ಪ ಕವರ್ ಅಂದರೆ ಕಥೆ ವಾಪಸ್. ತೆಳ್ಳಗಿನ ಕವರೋ ಕಾರ್ಡೋ ಆದರೆ ಸ್ವೀಕೃತ. ದಪ್ಪ ಕವರ್ ಬಂದ ದಿನ ಅವರು ಊರೆಲ್ಲ ಹಂಚಿ, ಕೊನೆಗೆ ಮನೆಗೆ ಬಂದು, ಅದನ್ನು ಜಗಲಿ ಮೇಲಿದ್ದ ಪೇಪರಿನ ಅಡಿಗೆ ಇಟ್ಟು ಸುಮ್ನೆ ಕೈಕಾಲು ತೊಳೆಯಲು ಹೋಗುತ್ತಿದ್ದರು. ರಾತ್ರಿ ಊಟ ಆದ ಮೇಲೆ ಒಂದೇ ಮಾತು, "ಮುಂದಿನದಕ್ಕೆ ಕವರ್ ಇದೆಯೇನೇ?"

ಒಂದು ಸಲ ಒಂದೇ ವಾರದಲ್ಲಿ ಎರಡು ದಪ್ಪ ಕವರ್ ಬಂದವು. ಇನ್ನು ಬರೆಯುವುದಿಲ್ಲ, ನನಗೆ ಬರೆಯಲು ಬರುವುದಿಲ್ಲ ಅಂತ ಅತ್ತುಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಊರಲ್ಲಿ ದಪ್ಪ ಕವರ್ ಬರೋದು ನಿನಗೊಬ್ಬಳಿಗೇ ಅಲ್ಲ ಕಣೇ" ಅಂದರು. ಹೆಸರು ಹೇಳಲಿಲ್ಲ. ಯಾರ ಟಪಾಲಿನ ವಿಷಯವನ್ನೂ ಅವರು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ನಮ್ಮೂರಿನಲ್ಲಿ ಕಥೆ ಬರೆಯುತ್ತಿದ್ದ ಇನ್ನೊಬ್ಬರು ಅಂದರೆ ನಮ್ಮ ಹೈಸ್ಕೂಲ್ ಮೇಷ್ಟ್ರು ಮಾತ್ರ. ಅವರ ಕಥೆ ವಿಶೇಷಾಂಕದಲ್ಲಿ ಬಂದಾಗ ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದ್ದು ನೋಡಿದ್ದೆವು, ಅವರಿಗೂ ವಾಪಸ್ ಬರುತ್ತದೆ ಅಂತ ಒಬ್ಬ ಹುಡುಗಿಗೂ ಹೊಳೆದಿರಲಿಲ್ಲ. ಮೇಷ್ಟ್ರೇ ಒಂದು ದಿನ ತರಗತಿಯಲ್ಲಿ "ನಂದೂ ವಾಪಸ್ ಬಂತಮ್ಮ" ಅಂದಿದ್ದರೆ ನಾನು ಆ ರಾತ್ರಿ ಅಳುತ್ತಿರಲಿಲ್ಲ. ನಾನೀಗ ಲೆಕ್ಕ ಹಾಕುವುದು ಆ ಕಾರಣಕ್ಕೆ. ಎಲ್ಲೋ ಒಂದು ಊರಿನಲ್ಲಿ ಪಿಯುಸಿ ಹುಡುಗಿಯೊಬ್ಬಳು ಬರೀ ನಮ್ಮ ಮುಖಪುಟದ ಫೋಟೋಗಳನ್ನೇ ನೋಡಿ, ತನಗೊಬ್ಬಳಿಗೇ ಹೀಗೆ ಅಂದುಕೊಂಡು ಕೂತಿರಬಾರದು.

ಈಗ ಕಷ್ಟ ಇನ್ನೂ ಜಾಸ್ತಿಯಾಗಿದೆ ಅನ್ನಿಸುತ್ತದೆ. ಆಗ ಕಡೇಪಕ್ಷ ಕವರ್ ಆದರೂ ಬರುತ್ತಿತ್ತು. ಈಗ ಇಮೇಲ್ ಮಾಡುತ್ತೇವೆ, ಆಮೇಲೆ ಮೌನ. ಎಷ್ಟು ತಿಂಗಳು ಕಾದು ಬೇರೆ ಕಡೆ ಕಳಿಸಬಹುದು ಅಂತ ಕೆಲವು ಪತ್ರಿಕೆಗಳು ಸ್ಪಷ್ಟವಾಗಿ ಹೇಳುತ್ತವೆ, ಅದು ದೊಡ್ಡ ಉಪಕಾರ. ಹೇಳದಿದ್ದ ಕಡೆ ಕಥೆ ಬಾವಿಗೆ ಬಿದ್ದ ಹಾಗೆ. ಆ ಮೌನವನ್ನೂ ನೀವು ತಿರಸ್ಕಾರ ಅಂತ ಲೆಕ್ಕ ಹಾಕಿದ್ದೀರಿ, ಹಾಗೆ ಹಾಕಬೇಡಿ. ನನ್ನದೇ ಉದಾಹರಣೆ ಹೇಳುತ್ತೇನೆ. 2012ರಲ್ಲಿ ಒಂದು ಪತ್ರಿಕೆಗೆ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಕಳಿಸಿದ್ದೆ. ಎಂಟು ತಿಂಗಳು ಸುದ್ದಿಯಿಲ್ಲ. ಧೈರ್ಯ ಮಾಡಿ ಫೋನ್ ಮಾಡಿದೆ. ಉಪಸಂಪಾದಕರು ಪಾಪ, ಕಾಯಿಸಿಕೊಂಡೇ ಹುಡುಕಿ, "ಮೇಡಂ, ಇಲ್ಲಿ ಅಕ್ಷರಾನೇ ಕಾಣ್ತಿಲ್ಲ, ಬರೀ ಚಿಹ್ನೆಗಳು ಬರ್ತಿವೆ" ಅಂದರು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಿದ್ದರಿಂದ ನನ್ನ ಹನ್ನೆರಡು ಪುಟದ ಕಥೆ ಪ್ರಶ್ನಾರ್ಥಕ ಚಿಹ್ನೆ, ಡಾಲರ್ ಗುರುತುಗಳ ಸಾಲಾಗಿ ಅಲ್ಲಿ ಕೂತಿತ್ತು. ಯಾರೂ ಅದನ್ನು ಬೇಡ ಅಂದಿರಲಿಲ್ಲ, ಯಾರೂ ಓದಿಯೇ ಇರಲಿಲ್ಲ. ಯಾವ ಕಂಪ್ಯೂಟರಿನಲ್ಲೂ ಅಕ್ಷರ ಕಾಣುವ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವೊತ್ತು ಎಲ್ಲ ಸರಿಯಾಗಿವೆಯಾ ನೋಡಿ, ಜೊತೆಗೆ ಪಿಡಿಎಫ್ ಇಟ್ಟು ಮತ್ತೆ ಕಳಿಸಿದೆ. ನಾಲ್ಕು ತಿಂಗಳಿಗೆ ಪ್ರಕಟವಾಯಿತು.

ಹೋದ ವರ್ಷದ ನನ್ನ ಲೆಕ್ಕ ಹೀಗಿದೆ. ಕಳಿಸಿದ್ದು 19. ಬೇಡ ಅಂತ ತಿಳಿಸಿದ್ದು 6. ಆರು ತಿಂಗಳು ದಾಟಿದರೂ ಸುದ್ದಿಯಿಲ್ಲದ್ದು 9. ಸ್ವೀಕೃತ 3. ಒಂದು ಇನ್ನೂ ಅವರ ಹತ್ತಿರವೇ ಇದೆ. ಇದನ್ನು ಹಾಕಿದಾಗ ಹೆಚ್ಚು ಜನ ಕೇಳಿದ್ದು ಆ ಮೂರು ಕಥೆಯ ಬಗ್ಗೆ ಅಲ್ಲ, ಆ ಆರರ ಬಗ್ಗೆ. ಏನಂತ ಹೇಳಿದರು, ಎಷ್ಟು ದಿನಕ್ಕೆ ಹೇಳಿದರು ಅಂತ. ಆ ಆರರಲ್ಲಿ ಎರಡು "ಕಥೆ ಓದಿಸಿಕೊಂಡು ಹೋಗುತ್ತದೆ, ಆದರೆ ನಮ್ಮಲ್ಲಿ ಪತ್ತೇದಾರಿ ಹಾಕುವುದಿಲ್ಲ" ಅಂತ ಬಂದಿದ್ದವು. ನಮ್ಮಂಥವರಿಗೆ ಇದಕ್ಕಿಂತ ಉಪಯೋಗದ ಮಾಹಿತಿ ಇಲ್ಲ, ಅಲ್ವಾ? ಅಲ್ಲಿ ಬೇಡವಾಗಿದ್ದು ಪತ್ತೇದಾರಿ ಅನ್ನುವ ಪ್ರಕಾರ, ಕಥೆ ಚೆನ್ನಾಗಿಲ್ಲ ಅಂತ ಯಾರೂ ಹೇಳಿಲ್ಲ. ಯಾವ ಬಗೆಯ ಪತ್ರಿಕೆ ಅಂತ ಗೊತ್ತಾದರೆ ಇನ್ನೊಬ್ಬರ ಆರು ತಿಂಗಳು ಉಳಿಯುತ್ತದೆ.

ಇಂಗ್ಲಿಷಿನಲ್ಲಿ ವೈಜ್ಞಾನಿಕ ಕಥೆ ಬರೆಯುವವರಲ್ಲಿ ಈ ರೂಢಿ ಚೆನ್ನಾಗಿ ಬೇರೂರಿದೆ. ಸಬ್ಮಿಷನ್ ಗ್ರೈಂಡರ್ ಅಂತ ಒಂದು ಉಚಿತ ತಾಣ 2013ರಿಂದ ಇದೆ. ಯಾವ ಪತ್ರಿಕೆಗೆ ಯಾವತ್ತು ಕಳಿಸಿದೆ, ಯಾವತ್ತು ಉತ್ತರ ಬಂತು, ಏನು ಬಂತು ಅಂತ ಲೇಖಕರೇ ತುಂಬುತ್ತಾರೆ. ಎಲ್ಲರದ್ದೂ ಸೇರಿದಾಗ ಯಾರು ಎಷ್ಟು ದಿನ ಕಾಯಿಸುತ್ತಾರೆ ಅಂತ ಉಳಿದವರಿಗೆ ಕಾಣುತ್ತದೆ. ನಾನು ಒಂದು ಕಥೆಯನ್ನು ನಾನೇ ಇಂಗ್ಲಿಷಿಗೆ ಮಾಡಿ ಅಲ್ಲಿನ ಒಂದು ಪತ್ರಿಕೆಗೆ ಕಳಿಸಿದ್ದೆ. ಎರಡೇ ದಿನಕ್ಕೆ ಬೇಡ ಅಂತ ಉತ್ತರ ಬಂತು, ಮೂರು ಸಾಲು. ನಂಬಿ, ನನಗೆ ಸಮಾಧಾನವಾಯಿತು. ಅದೇ ಸಂಜೆ ಇನ್ನೊಂದು ಕಡೆ ಕಳಿಸಿದೆ. ಕನ್ನಡಕ್ಕೂ ಇಂಥದ್ದೊಂದು ತಾಣ ಬೇಕು ಅಂತ ನನಗೆ ತುಂಬಾ ಆಸೆ. ಅದು ಬರುವವರೆಗೆ ನಾವೇ ಒಬ್ಬೊಬ್ಬರು ನಮ್ಮ ನಮ್ಮ ಫೇಸ್‌ಬುಕ್ ಗೋಡೆ ಮೇಲೆ ಬರೆಯಬೇಕು.

ಇನ್ನು ಏನು ಬಚ್ಚಿಡಬೇಕು ಅನ್ನುವುದು. ಸಂಪಾದಕರ ಹೆಸರು ಬೇಡ. ಅವರ ಇಮೇಲಿನ ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಕಾದಂಬರಿಯನ್ನು 1968ರ ಜೂನಿನಲ್ಲಿ ಒಬ್ಬ ಸಂಪಾದಕರು ವಾಪಸ್ ಕಳಿಸಿದ್ದರು. ವಿವರಗಳ ಭಾರಕ್ಕೆ ಕಥೆ ಹೂತುಹೋಗಿದೆ, ಓದಲಾಗುವುದಿಲ್ಲ ಅನ್ನುವ ಅರ್ಥದ ಪತ್ರ. ಮಾರನೇ ವರ್ಷ ಪುಸ್ತಕ ಬೇರೆ ಕಡೆಯಿಂದ ಬಂತು, ವೈಜ್ಞಾನಿಕ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡನ್ನೂ ಪಡೆಯಿತು. ಆ ಪತ್ರವನ್ನು ಲೆ ಗ್ವಿನ್ ತಮ್ಮ ಜಾಲತಾಣದಲ್ಲಿ ಎಲ್ಲರೂ ಓದಲಿ ಅಂತ ಹಾಕಿದರು, ಆದರೆ ಬರೆದವರ ಹೆಸರು ತೆಗೆದು ಹಾಕಿದರು. ಅಷ್ಟು ದೊಡ್ಡ ಗೆಲುವಾದ ಮೇಲೂ ಆ ಮನುಷ್ಯನನ್ನು ಜನರ ಮುಂದೆ ನಿಲ್ಲಿಸಲಿಲ್ಲ. ನನಗೆ ಅವರ ಪುಸ್ತಕದಷ್ಟೇ ಇಷ್ಟವಾದ ವಿಷಯ ಇದು.

ಬಂದ ದಿನವೇ ಹಾಕಬೇಡಿ ಅಂದೆ ಅಲ್ವಾ, ಯಾಕೆಂದರೆ ಅವತ್ತು ನಾವು ಬರೆಯುವುದು ಲೆಕ್ಕ ಆಗಿರುವುದಿಲ್ಲ, ಸಿಟ್ಟು ಆಗಿರುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು ಮುಚ್ಚಿಬಿಡುತ್ತೇನೆ. ಕಥಾಸ್ಪರ್ಧೆಯ ವಿಷಯದಲ್ಲಿ ಇನ್ನೂ ಹುಷಾರು. ತೀರ್ಪುಗಾರರಿಗೆ ಹೆಸರು ತಿಳಿಸದೆ ಕಥೆ ಕೊಡುವ ಸ್ಪರ್ಧೆಗಳಿರುತ್ತವೆ. ಫಲಿತಾಂಶಕ್ಕೆ ಮೊದಲೇ "ಈ ಶೀರ್ಷಿಕೆಯ ಕಥೆ ಕಳಿಸಿದ್ದೇನೆ" ಅಂತ ಹಾಕಿದರೆ ಆ ಗುಟ್ಟು ಹೋಯಿತು. ವಾಪಸ್ ಬಂದ ಕಥೆಯನ್ನು ಬೇಸರದಲ್ಲಿ ಪೂರ್ತಿ ಫೇಸ್‌ಬುಕ್‌ಗೆ ಹಾಕಿಬಿಡುವವರನ್ನೂ ನೋಡಿದ್ದೇನೆ. ಸಾಮಾಜಿಕ ಜಾಲತಾಣದಲ್ಲಿ ಬಂದದ್ದನ್ನೂ ಪ್ರಕಟಿತ ಅಂತಲೇ ಎಣಿಸುವ ಪತ್ರಿಕೆಗಳಿವೆ, ಆಮೇಲೆ ಆ ಕಥೆಗೆ ಅಲ್ಲೆಲ್ಲ ಬಾಗಿಲು ಮುಚ್ಚಿದಂತೆ.

ಸ್ವೀಕೃತವಾದದ್ದನ್ನು ಹೇಳುವುದಕ್ಕೂ ಕಾಯಬೇಕು. 2020ರ ಫೆಬ್ರುವರಿಯಲ್ಲಿ ಒಂದು ಪತ್ರಿಕೆಯವರು ಫೋನ್ ಮಾಡಿ ಕಥೆ ತಗೊಂಡಿದ್ದೇವೆ ಅಂದರು. ಖುಷಿಗೆ ಎಲ್ಲರಿಗೂ ಹೇಳಿದೆ, ಅತ್ತೆ ನೆಂಟರಿಗೆಲ್ಲ ಫೋನ್ ಮಾಡಿದರು. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಪತ್ರಿಕೆ ನಿಂತೇ ಹೋಯಿತು. ಯಾರ ತಪ್ಪೂ ಅಲ್ಲ. ಆದರೆ ವರ್ಷಗಟ್ಟಲೆ ಮದುವೆ ಮನೆಗಳಲ್ಲಿ "ನಿನ್ನ ಕಥೆ ಬಂತಾ?" ಅನ್ನುವುದಕ್ಕೆ ಉತ್ತರ ಕೊಡಬೇಕಾಯಿತು. ಈಗ ಗೌರವ ಪ್ರತಿ ಕೈಗೆ ಬಂದ ಮೇಲೆಯೇ ಫೋಟೋ ತೆಗೆಯುತ್ತೇನೆ.

ವಿಮರ್ಶೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಇಲ್ಲಿ ನಾನು ತಪ್ಪು ಮಾಡಿದ್ದೇನೆ. ನನ್ನ ಮೊದಲ ಸಂಕಲನಕ್ಕೆ ಒಬ್ಬರು ಮೂರು ಪ್ಯಾರಾ ಬರೆದಿದ್ದರು. ಎರಡು ಪ್ಯಾರಾ ಪೂರ್ತಿ ಕೊರತೆಗಳು: ಪೊಲೀಸರ ಕೆಲಸ ಹೇಗೆ ನಡೆಯುತ್ತದೆ ಅಂತ ಲೇಖಕಿಗೆ ಗೊತ್ತಿಲ್ಲ, ಪಂಚನಾಮೆ ಮಾಡದೆ ಹೆಣ ಎತ್ತಿಸಿದ್ದಾರೆ, ಪಾತ್ರಗಳೆಲ್ಲ ಒಂದೇ ಥರ ಮಾತಾಡುತ್ತವೆ ಅಂತ. ಕೊನೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ನಾನು ಆ ಒಂದು ಸಾಲನ್ನು ಮಾತ್ರ ಕತ್ತರಿಸಿ ಅವರ ಹೆಸರಿನ ಸಮೇತ ಹಾಕಿದೆ. ಅವರು ನೋಡಿದರು. ಜಗಳ ಮಾಡಲಿಲ್ಲ, "ನಾನು ಬರೆದದ್ದು ಇದಲ್ಲ ಅಲ್ವಾ" ಅಂತ ಒಂದೇ ಒಂದು ಮೆಸೇಜ್ ಕಳಿಸಿದರು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕ್ಷಮೆ ಕೇಳಿ, ಪೂರ್ತಿ ವಿಮರ್ಶೆ ಹಾಕಿದೆ. ಅದನ್ನು ಓದಿದ ನಿವೃತ್ತ ಎಎಸ್‌ಐ ಒಬ್ಬರು ತಾವಾಗಿಯೇ ಫೋನ್ ಮಾಡಿ, ಅಸಹಜ ಸಾವಾದರೆ ಠಾಣೆಯಲ್ಲಿ ಮೊದಲು ಯುಡಿಆರ್ (ಅಸಹಜ ಸಾವಿನ ವರದಿ) ಹೇಗೆ ದಾಖಲಾಗುತ್ತದೆ, ಪಂಚರನ್ನು ಯಾರು ಕರೆಸುತ್ತಾರೆ, ಹೆಣ ಯಾವಾಗ ಮರಣೋತ್ತರ ಪರೀಕ್ಷೆಗೆ ಹೋಗುತ್ತದೆ ಅಂತ ಒಂದು ಗಂಟೆ ಹೇಳಿಕೊಟ್ಟರು. ನನ್ನ ಎರಡನೇ ಪುಸ್ತಕದ ಅರ್ಧ ಬಲ ಆ ಫೋನಿನದ್ದು. ಆ ಒಳ್ಳೆಯ ಸಾಲನ್ನಷ್ಟೇ ಹಾಕಿ ಬಿಟ್ಟಿದ್ದರೆ ಅವರು ಯಾಕೆ ಫೋನ್ ಮಾಡುತ್ತಿದ್ದರು?

ಅವತ್ತಿಂದ ವಿಮರ್ಶೆಯನ್ನು ಪೂರ್ತಿ ಹಾಕುತ್ತೇನೆ, ಇಲ್ಲಾಂದ್ರೆ ಹಾಕುವುದೇ ಇಲ್ಲ. ಓದುಗರು ವಾಟ್ಸಾಪಿನಲ್ಲಿ ಖಾಸಗಿಯಾಗಿ ಬರೆದದ್ದನ್ನು ಅವರನ್ನು ಕೇಳದೆ ಮುಟ್ಟುವುದಿಲ್ಲ. ನಮ್ಮ ಪ್ರಕಾರಕ್ಕೆ ಇನ್ನೊಂದು ಸಂಕಟ ಉಂಟು. ಒಬ್ಬರು ಮನಸಾರೆ ಹೊಗಳಿ, "ಕಾಂಪೌಂಡರೇ ಕೊಲೆಗಾರ ಅಂತ ಕೊನೇವರೆಗೂ ಗೊತ್ತಾಗುವುದಿಲ್ಲ" ಅಂತ ಬರೆದಿದ್ದರು. ಅವರಿಗೆ ಕೈಮುಗಿದು ಧನ್ಯವಾದ ಹೇಳಿದೆ, ಹಂಚಿಕೊಳ್ಳಲು ಆಗಲಿಲ್ಲ. ಓದುಗರು ಸ್ಟಾರ್ ಕೊಡುವ ಪ್ರತಿಲಿಪಿಯಂಥ ಆನ್‌ಲೈನ್ ಕಥೆಗಳ ತಾಣಗಳಲ್ಲಿ ಬರುವ ಒಂದು ಸ್ಟಾರ್, ಎರಡು ಸ್ಟಾರ್‌ಗಳಿಗೆ ಉತ್ತರ ಕೊಡಬೇಡಿ. ಜೊತೆಗೆ ಕಾರಣ ಬರೆದಿದ್ದರೆ ಮಾತ್ರ ಕೂತು ಓದಿ.

ಬೈದ ವಿಮರ್ಶೆಗೂ ನಾನು ಬೆಲೆ ಕೊಡುವುದಕ್ಕೆ ಕಾರಣವಿದೆ. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪುಸ್ತಕ ಹಿಡಿದೇ ಕನ್ನಡ ಓದಲು ಕಲಿತೆವು ಅನ್ನುವವರು ನಮ್ಮ ಅಪ್ಪನ ತಲೆಮಾರಿನಲ್ಲಿ ಎಷ್ಟೋ ಜನ. ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಪುಟ ಕಿತ್ತುಬರುವಷ್ಟು ಓದಿಸಿಕೊಂಡ ಪುಸ್ತಕಗಳು ಅವು. ಆದರೆ ಗಂಭೀರವಾಗಿ ಕೂತು ಅವುಗಳ ಗುಣದೋಷ ಬರೆದ ವಿಮರ್ಶಕರು ತೀರಾ ಕಡಿಮೆ. ಅಂಥದ್ದರಲ್ಲಿ ನಮ್ಮ ಕಥೆಯಲ್ಲಿ ಪಂಚನಾಮೆ ತಪ್ಪಾಗಿದೆ ಅಂತ ಯಾರೋ ಎರಡು ಪ್ಯಾರಾ ಬರೆದರು ಅಂದರೆ, ಅವರು ಅದನ್ನು ಸಾಹಿತ್ಯ ಅಂತಲೇ ಓದಿದ್ದಾರೆ.

ಕೊನೆಗೆ ನಿಮ್ಮ ಭಯ. ಸಂಪಾದಕರು ಹಗುರವಾಗಿ ಕಾಣುತ್ತಾರಾ? ಇದನ್ನು ನಾನೇ ಒಬ್ಬರನ್ನು ಕೇಳಿದ್ದೆ, ನನ್ನ ನಾಲ್ಕು ಕಥೆ ಬೇಡ ಅಂದು ಐದನೆಯದನ್ನು ತಗೊಂಡವರನ್ನು. "ನೀವು ಬೇರೆ ಕಡೆಯಿಂದ ವಾಪಸ್ ಬಂದದ್ದನ್ನು ಕಳಿಸಿದ್ದೀರಾ ಅಂತ ನಾನ್ಯಾಕೆ ನೋಡಲಿ? ಮೊದಲ ಪುಟ ಚೆನ್ನಾಗಿದ್ದರೆ ಎರಡನೇದು ತಿರುಗಿಸ್ತೀನಿ" ಅಂದರು. ನಮ್ಮ ಹೆಸರು ಹಿಡಿದು ಬೈದರೆ ನೆನಪಿಟ್ಟುಕೊಳ್ಳುತ್ತೇವೆ ಅಂತಲೂ ಸೇರಿಸಿದರು, ಅದು ನ್ಯಾಯವೇ.

ನಿಮ್ಮ ಆ 11ರಲ್ಲಿ ಬೇಡ ಅಂತ ನಿಜವಾಗಿ ಹೇಳಿದ್ದು ಎಷ್ಟು, ಬರೀ ಮೌನ ಎಷ್ಟು ಅಂತ ಮೊದಲು ಬೇರೆ ಮಾಡಿ ನೋಡಿ. ಮೌನದ್ದಕ್ಕೆಲ್ಲ ಒಂದೊಂದು ಫೋನ್ ಮಾಡಿ. ನುಡಿ ಫೈಲ್ ಕಳಿಸಿದ್ದರೆ ಅದನ್ನೇ ಮೊದಲು ಕೇಳಿ.