ಮೆದುಳಿಗೆ ಹಬ್ಬಿದ ಕ್ಯಾನ್ಸರ್: ಗಾಮಾ ನೈಫ್ ಒಳ್ಳೆಯದಾ, ಸೈಬರ್‌ನೈಫ್ ಒಳ್ಳೆಯದಾ?

ಅವ್ವನಿಗೆ ಸ್ತನದ ಕ್ಯಾನ್ಸರ್, ಈಗ ಮೆದುಳಿನಲ್ಲಿ ನಾಲ್ಕು ಗಂಟು, ವಿಜಯಪುರದಿಂದ ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಕೇಳಿದ್ದೀರಿ. ನಾವು ಬಾಗಲಕೋಟೆಯವರು. ನಮ್ಮ ಅವ್ವನದೂ ಇದೇ ಕಥೆ, ನಾವೂ ಇದನ್ನೇ ಕೇಳುತ್ತಾ ಅಲೆದೆವು. ಬೇಜಾರಾಗಬೇಡಿ, ಮಷಿನ್ ಹೆಸರಿನ ಹಿಂದೆ ಬಿದ್ದು ಪ್ರಯೋಜನ ಇಲ್ಲ. ಹೆಸರಲ್ಲಿ ನೈಫ್ ಇದ್ದರೂ ಎರಡೂ ಚಾಕು ಅಲ್ಲ, ಗಂಟಿಗೆ ಗುರಿಯಿಟ್ಟು ರೇಡಿಯೇಶನ್ ಕೊಡುವ ಮಷಿನ್. ಗಾಮಾ ನೈಫ್‌ನಲ್ಲಿ ಕೋಬಾಲ್ಟ್ ಕಿರಣ, ಸೈಬರ್‌ನೈಫ್‌ನಲ್ಲಿ ಎಕ್ಸ್‌ರೇ. ಎರಡರಲ್ಲೂ ಹಲವು ದಿಕ್ಕಿನಿಂದ ಬರುವ ಸಣ್ಣ ಕಿರಣಗಳು ಗಂಟಿನ ಮೇಲೆ ಬಂದು ಕೂಡುತ್ತವೆ, ಸುತ್ತಲಿನ ಮೆದುಳಿಗೆ ಪೆಟ್ಟು ಕಡಿಮೆ. ಗಾಮಾ ನೈಫ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಒಳ್ಳೆಯ ಲಿನಾಕ್ (ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ರೇಡಿಯೇಶನ್ ಕೊಡುವ ಸಾಮಾನ್ಯ ಮಷಿನ್), ಅದರ ಮೇಲೆ ಕೈ ಪಳಗಿದ ಡಾಕ್ಟರ್ ಹತ್ತಿರದಲ್ಲೇ ಸಿಕ್ಕರೆ ಅಲ್ಲೂ ಆಗುತ್ತದೆ.

ನಮ್ಮ ಅವ್ವನಿಗೆ ಮೂರು ಗಂಟು ಇದ್ದವು, ಲಿನಾಕ್‌ನಲ್ಲೇ ಆಯಿತು. ಬಿಸಿನೀರಲ್ಲಿ ಮೆತ್ತಗೆ ಮಾಡಿದ ಜಾಳಿಗೆಯಂಥ ಹಾಳೆಯನ್ನು ಮುಖದ ಮೇಲೆ ಎಳೆದು ಕೂರಿಸಿದರು. ತಣ್ಣಗಾದ ಮೇಲೆ ಅದು ಗಟ್ಟಿ, ತಲೆ ಅಲ್ಲಾಡುವ ಹಾಗಿಲ್ಲ. "ಕರೆಂಟ್ ಕೊಟ್ಟರು ಅಂತಾರೆ, ನನಗೇನೂ ಗೊತ್ತೇ ಆಗಲಿಲ್ಲ" ಅಂತ ಅವ್ವ ನಗುತ್ತಲೇ ಹೊರಗೆ ಬಂದಳು. ಮುಂದಿನ ಎಂಆರ್‌ಐನಲ್ಲಿ ಮೂರೂ ಗಂಟು ಕುಗ್ಗಿದ್ದವು.

ಕೆಟ್ಟಿದ್ದು ಅದರ ನಂತರ. ಎರಡು-ಮೂರು ತಿಂಗಳಿಗೊಮ್ಮೆ ಎಂಆರ್‌ಐ ಆಗಲೇಬೇಕು ಅಂತ ಡಾಕ್ಟರ್ ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ಆದರೆ ಅವ್ವ ಆರಾಮಿದ್ದಳು. ಬನಶಂಕರಿ ಜಾತ್ರೆಗೂ ಬಂದಳು. ಆಮೇಲೆ ತಂಗಿಯ ಮಗನ ಜವಳ, ಅದರ ಬೆನ್ನಿಗೇ ಜೋಳದ ಸುಗ್ಗಿ. "ಚೆನ್ನಾಗಿದ್ದಾಳಲ್ಲ, ಸುಮ್ನೆ ಯಾಕೆ ಖರ್ಚು" ಅಂದವನು ನಾನೇ. ಒಂದು ದಿನ ನೋಡುತ್ತೇನೆ, ಅವ್ವ ಬಡಿಯುವ ರೊಟ್ಟಿ ಒಂದೇ ಕಡೆ ತೆಳ್ಳಗಾಗಿ ಹರಿಯುತ್ತಿದೆ. ಬಲಗೈ ಬಡಿಯುತ್ತಿತ್ತು, ಎಡಗೈ ರೊಟ್ಟಿಯನ್ನು ತಿರುಗಿಸುತ್ತಲೇ ಇರಲಿಲ್ಲ. ಹಿಟ್ಟಿಗೆ ನೀರು ಜಾಸ್ತಿ ಆಗಿದೆ ಅಂತ ಅವಳು ಹಿಟ್ಟನ್ನೇ ಬೈಯುತ್ತಿದ್ದಳು.

ಸ್ಕ್ಯಾನ್‌ನಲ್ಲಿ ಹೊಸ ಗಂಟು, 3 ಸೆಂ.ಮೀ. ದಾಟಿತ್ತು, ಸುತ್ತ ಬಾವು. ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ಗಂಟು ದೊಡ್ಡದಾದಷ್ಟೂ ಒಂದೇ ಸಲಕ್ಕೆ ಕೊಡಬಹುದಾದ ಡೋಸ್ ಇಳಿಯುತ್ತದೆ, ಯಾಕೆಂದರೆ ಪಕ್ಕದ ಒಳ್ಳೆಯ ಮೆದುಳಿಗೂ ತಾಗುತ್ತದೆ. ಹಳೆಯ ಲೆಕ್ಕದ ಪ್ರಕಾರ 2 ಸೆಂ.ಮೀ. ಒಳಗಿದ್ದರೆ 24 ಗ್ರೇ (ರೇಡಿಯೇಶನ್ ಡೋಸ್ ಅಳೆಯುವ ಮಾನ) ತನಕ, 3 ದಾಟಿದರೆ 15. ಹೆಸರುಕಾಳಿನಷ್ಟು ಇದ್ದಾಗಲೇ ಸಿಕ್ಕಿದ್ದರೆ ಮತ್ತೆ ಅದೇ ಮುಖವಾಡ ಹಾಕಿ ಅವತ್ತೇ ಮನೆಗೆ ಕಳಿಸುತ್ತಿದ್ದರು. ನಮಗೆ ತಲೆ ತೆರೆದು ಆಪರೇಷನ್ ಮಾಡಿಸಿ, ಆ ಜಾಗಕ್ಕೆ ಕೆಲವು ಕಂತಿನಲ್ಲಿ ರೇಡಿಯೇಶನ್ ಕೊಡಿಸಬೇಕಾಯಿತು. ಎಡಗೈ ಪೂರ್ತಿ ವಾಪಸ್ ಬರಲಿಲ್ಲ.

ಹಾಗಾದರೆ ಮೊದಲೇ ಇಡೀ ಮೆದುಳಿಗೆ ರೇಡಿಯೇಶನ್ ಕೊಡಿಸಿಬಿಡೋಣ ಅಂತ ಯಾರಾದರೂ ಅಂದರೆ ನಾನಂತೂ ಒಪ್ಪುವುದಿಲ್ಲ. ಗಂಟು ಲೆಕ್ಕವಿಲ್ಲದಷ್ಟಿದ್ದರೆ ಮಾತು ಬೇರೆ. ಅಮೆರಿಕದ ಎಂ.ಡಿ. ಆಂಡರ್ಸನ್ ಆಸ್ಪತ್ರೆಯವರು 2009ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದರಿಂದ ಮೂರು ಗಂಟು ಇದ್ದ ರೋಗಿಗಳಲ್ಲಿ, ಗುರಿಯಿಟ್ಟ ರೇಡಿಯೇಶನ್ ಜೊತೆ ಇಡೀ ಮೆದುಳಿಗೂ ಕೊಟ್ಟವರ ನೆನಪಿನ ಶಕ್ತಿ 4 ತಿಂಗಳಿಗೆ ಎಷ್ಟು ಜಾಸ್ತಿ ಕುಸಿದಿತ್ತೆಂದರೆ, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಆದರೆ ಗಂಟಿಗೆ ಮಾತ್ರ ಕೊಟ್ಟವರಲ್ಲಿ ಮೆದುಳಿನ ಒಳಗೆ ರೋಗ ಮರಳುವುದು ಜಾಸ್ತಿ ಇತ್ತು. ಕಿರಣ ಬಿದ್ದದ್ದು ಕಾಣುವ ಗಂಟಿಗೆ, ಕಾಣದ್ದು ಒಳಗೇ ಉಳಿದಿರುತ್ತದೆ. ಅದನ್ನು ಹಿಡಿಯಲು ಎಂಆರ್‌ಐ ಬಿಟ್ಟರೆ ದಾರಿ ಇಲ್ಲ. ಇನ್ನು ನಾಲ್ಕು ಗಂಟು ಅಂದರೆ ಜಾಸ್ತಿ ಆಯಿತು ಅಂತ ಯಾರಾದರೂ ಹೆದರಿಸಿದರೆ ಕೇಳಬೇಡಿ. 2014ರ ಜಪಾನ್ ಅಧ್ಯಯನದಲ್ಲಿ 5ರಿಂದ 10 ಗಂಟು ಇದ್ದವರೂ 2ರಿಂದ 4 ಇದ್ದವರಷ್ಟೇ ಕಾಲ ಬದುಕಿದರು.

ಮೆದುಳಿನ ಬಾವು ಇಳಿಯಲು ಡೆಕ್ಸಾ ಅನ್ನುವ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಸಕ್ಕರೆ ಏರುತ್ತದೆ, ನೋಡಿಕೊಳ್ಳಿ, ಆದರೆ ಡಾಕ್ಟರನ್ನು ಕೇಳದೆ ಥಟ್ಟನೆ ನಿಲ್ಲಿಸಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಆರೋಗ್ಯ ಯೋಜನೆಯ ನೆರವಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ಕಾಣಿ.

ಪ್ರತಿ ಎಂಆರ್‌ಐಗೂ ಬೆಂಗಳೂರಿಗೆ ಓಡಬೇಕಿಲ್ಲ. ವಿಜಯಪುರದಲ್ಲೇ ಮಾಡಿಸಿ ಸಿಡಿ ಕಳಿಸಬಹುದು. ಹಳೆಯ ಸಿಡಿ ಒಂದನ್ನೂ ಕಳೆಯಬೇಡಿ. ರೇಡಿಯೇಶನ್ ಬಿದ್ದ ಜಾಗ ತಿಂಗಳುಗಳ ನಂತರ ಸುಟ್ಟ ಗಾಯದಿಂದಲೇ ದೊಡ್ಡದಾಗಿ ಕಾಣಬಹುದು. ಅದು ಗಾಯವೋ ಕ್ಯಾನ್ಸರೋ ಅಂತ ಡಾಕ್ಟರ್ ಹಳೆಯದರ ಪಕ್ಕ ಇಟ್ಟೇ ನೋಡಬೇಕು. ಕಾಂಟ್ರಾಸ್ಟ್ (ಗಂಟು ಎದ್ದು ಕಾಣುವಂತೆ ಚುಚ್ಚುವ ಔಷಧ) ಹಾಕಿ, ತೆಳುವಾದ ಸ್ಲೈಸ್ ತೆಗೆಯಬೇಕು ಅಂತ ರೇಡಿಯೇಶನ್ ಡಾಕ್ಟರ್ ಕೈಯಲ್ಲೇ ಚೀಟಿ ಬರೆಸಿಕೊಂಡು ಹೋಗಿ. ಬಾಯಲ್ಲಿ ಹೇಳಿದರೆ ಸ್ಕ್ಯಾನ್ ಸೆಂಟರ್‌ನವರು ಸಾದಾ ಎಂಆರ್‌ಐ ತೆಗೆದು ಕಳಿಸಿಬಿಡುತ್ತಾರೆ.