ಡ್ರಮ್ಮಿನಲ್ಲಿ ತುಂಬಿಟ್ಟ ಜೋಳಕ್ಕೆ ಹುಳ ಬೀಳದಂತೆ ಏನು ಮಾಡಬೇಕು?

ಅರ್ಧ ಡ್ರಮ್ ತುಂಬಿಟ್ಟರೆ ಪ್ರಯೋಜನ ಇಲ್ಲ. ಕಾಳಿನ ಜೊತೆ ಬಂದ ಹುಳ ಬದುಕುವುದು ಒಳಗಿರುವ ಗಾಳಿಯಿಂದಲೇ ಅಲ್ವಾ? ಬಾಯಿಮಟ್ಟ ತುಂಬಿ, ಮುಚ್ಚಳಕ್ಕೆ ರಬ್ಬರ್ ವಾಷರ್ ಕೊಟ್ಟು ಗಾಳಿಯಾಡದಂತೆ ಬಿಗಿ ಮಾಡಿ. ಆಮ್ಲಜನಕ ತೀರಿದಂತೆ ಹುಳ ಸಾಯುತ್ತದೆ. ಸುಮ್ನೆ ಆಗಾಗ ತೆರೆಯಬೇಡಿ. ದಿನಬಳಕೆಗೆ ಬೇರೆ ಡಬ್ಬಿ ಇಟ್ಟುಕೊಳ್ಳಿ. ಉತ್ತರ ಕರ್ನಾಟಕದ ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ಜೋಳ ಉಳಿಯುತ್ತಿದ್ದುದೂ ಹೀಗೆಯೇ. ಬಾಯಿ ತೆರೆದ ಕೂಡಲೇ ಒಳಗಿಳಿದವರು ಉಸಿರುಕಟ್ಟಿ ಸತ್ತದ್ದೂ ಉಂಟು, ಅಷ್ಟು ಕಡಿಮೆ ಆಮ್ಲಜನಕ.

ಆದರೆ ಒಣಗಿಸುವುದೇ ಮೊದಲ ಕೆಲಸ. ತೇವ ಶೇ. 12ಕ್ಕಿಂತ ಜಾಸ್ತಿ ಇರಬಾರದು. ಕಾಳು ಕಚ್ಚಿದರೆ ಕಟ್ ಅಂತ ಒಡೆಯಬೇಕು. ಬಿಸಿಲಿನಿಂದ ತಂದದ್ದನ್ನು ಪೂರ್ತಿ ಆರಿಸಿಯೇ ತುಂಬಿ, ಇಲ್ಲದಿದ್ದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಹಸಿ ಬೇವಿನ ಸೊಪ್ಪೂ ಬೇಡ, ತೇವ ಸೇರುತ್ತದೆ. ಔಷಧಿ, ರಾಸಾಯನಿಕ ತುಂಬಿದ್ದ ಹಳೇ ಡ್ರಮ್ಮನ್ನಂತೂ ಎಷ್ಟು ತೊಳೆದರೂ ಬಳಸಬೇಡಿ.